ಧರ್ಮಾಧಿಕಾರಿ ನಮ್ಮ ರೂಮಿಗೆ ಬಂದ ರಾತ್ರಿ

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಭಾನುವಾರವೂ ರಜೆಯಲ್ಲ. ಬೆಳಿಗ್ಗೆ ಮಾಕ್ ಟೆಸ್ಟ್, ಮಧ್ಯಾಹ್ನ ಖಾನಾವಳಿಯಲ್ಲಿ ಊಟ, ಸಂಜೆ ಕೀ ಆನ್ಸರ್ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದು. ಅಂಥದೊಂದು ಭಾನುವಾರದ ಪ್ರಶ್ನೆಪತ್ರಿಕೆಯಲ್ಲಿ, 2025ರಲ್ಲಿ ಪದ್ಮಭೂಷಣಕ್ಕೆ ಆಯ್ಕೆಯಾದ ಕನ್ನಡದ ಹಿರಿಯ ನಟ ಯಾರು ಎಂಬ ಪ್ರಶ್ನೆ ಇತ್ತು. ಅನಂತ್ ನಾಗ್ ಎಂದು ಟಿಕ್ ಮಾಡಿ ಒಂದು ಅಂಕ ಗಳಿಸಿದೆ. ಆ ಪತ್ರಿಕೆಯಲ್ಲಿ ನನಗೆ ಸರಿ ಬಂದ ಕೆಲವೇ ಉತ್ತರಗಳಲ್ಲಿ ಅದೂ ಒಂದು.

ರಾತ್ರಿ ಬಾಗಲಕೋಟೆಯ ನನ್ನ ರೂಮ್‌ಮೇಟ್ ಕೇಳಿದ: ‘ಲೇ ದೋಸ್ತ, ಅನಂತ್ ನಾಗ್‌ದು ಯಾವ್ ಯಾವ್ ಪಿಕ್ಚರ್ ನೋಡೀ ನೀ?’

‘ಮುಂಗಾರು ಮಳೆ’ಯ ಕರ್ನಲ್, ‘ಕೆಜಿಎಫ್’ನಲ್ಲಿ ಕಥೆ ಹೇಳುವ ಪತ್ರಕರ್ತ, ಟಿವಿಯಲ್ಲಿ ಆಗಾಗ ಬರುವ ‘ಗಣೇಶನ ಮದುವೆ’. ನನ್ನ ಪಟ್ಟಿ ಅಷ್ಟಕ್ಕೇ ಮುಗಿಯಿತು. ‘ಅಷ್ಟs? ಹಂಗಾರ ಇವತ್ತ ಆಕ್ಸಿಡೆಂಟ್ ನೋಡು’ ಎಂದು ಅವನು ತನ್ನ ಹಳೇ ಲ್ಯಾಪ್‌ಟಾಪ್ ತೆರೆದ. ಕರೆಂಟ್ ಅಫೇರ್ಸ್ ಓದುವ ಹೊತ್ತು ಹಾಳಾಗುತ್ತದೆಂದು ಗೊಣಗುತ್ತಲೇ ಕೂತೆ. ಸಿನಿಮಾ ಮುಗಿದ ಮೇಲೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ನಿದ್ದೆ ಬಾರದಿರುವುದಕ್ಕೆ ಸಿನಿಮಾ ಅರ್ಧ ಕಾರಣ. ಇನ್ನರ್ಧ ಕಾರಣ ನನ್ನ ಮನೆಯದು. ಅದನ್ನು ಆಮೇಲೆ ಹೇಳುತ್ತೇನೆ.

‘ಆಕ್ಸಿಡೆಂಟ್’ 1985ರಲ್ಲಿ ತೆರೆಗೆ ಬಂದ ಚಿತ್ರ. ನಿರ್ದೇಶನ ಶಂಕರ್ ನಾಗ್, ಹಿನ್ನೆಲೆ ಸಂಗೀತ ಇಳಯರಾಜ. ಇಂದು ನಾವು ‘ಪೊಲಿಟಿಕಲ್ ಥ್ರಿಲ್ಲರ್’ ಎಂದು ಕರೆಯುವ ಜಾತಿಯದು. ಧರ್ಮಾಧಿಕಾರಿ ಪ್ರಭಾವಿ ರಾಜಕಾರಣಿ, ಚುನಾವಣೆ ಎದುರಿಗಿದೆ. ಒಂದು ರಾತ್ರಿ ಅವನ ಮಗ ದೀಪಕ್ ಗೆಳೆಯನ ಜೊತೆ ಮಾದಕ ವಸ್ತುವಿನ ಅಮಲಿನಲ್ಲಿ ಕಾರು ಓಡಿಸಿಕೊಂಡು ಬರುತ್ತಾನೆ. ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿ ಜನರ ಮೇಲೆ ಕಾರು ಹರಿಯುತ್ತದೆ. ಹಳ್ಳಿಯಿಂದ ಹೊಟ್ಟೆಪಾಡಿಗೆ ನಗರಕ್ಕೆ ಬಂದವರು ಅವರು. ಬದುಕಿ ಉಳಿಯುವವನು ಒಬ್ಬನೇ, ರಾಮಣ್ಣ. ಅಲ್ಲಿಂದ ಮುಂದೆ ಒಂದು ಕಡೆ ಸತ್ಯ ಹುಡುಕುವ ಪತ್ರಕರ್ತ ಮತ್ತು ತನಿಖೆ ನಡೆಸುವ ಇನ್‌ಸ್ಪೆಕ್ಟರ್. ಇನ್ನೊಂದು ಕಡೆ ಮಗನನ್ನೂ ಮತವನ್ನೂ ಒಟ್ಟಿಗೇ ಉಳಿಸಿಕೊಳ್ಳಬೇಕಾದ ಧರ್ಮಾಧಿಕಾರಿ. ಕೊನೆಗೆ ಏನಾಗುತ್ತದೆಂದು, ಇನ್ನೂ ನೋಡದವರಿಗಾಗಿ, ಇಲ್ಲಿ ಹೇಳುವುದಿಲ್ಲ.

ಪಾತ್ರವರ್ಗ ನೋಡಿದರೆ ಇಂದಿಗೂ ಆಶ್ಚರ್ಯವಾಗುತ್ತದೆ. ಪತ್ರಕರ್ತನಾಗಿ ಸ್ವತಃ ಶಂಕರ್ ನಾಗ್, ಇನ್‌ಸ್ಪೆಕ್ಟರ್ ಆಗಿ ರಮೇಶ್ ಭಟ್, ಮಗನಾಗಿ ಅಶೋಕ್ ಮಂದಣ್ಣ, ಅವನ ಗೆಳೆಯನಾಗಿ ಶ್ರೀನಿವಾಸ ಪ್ರಭು. ಅರುಂಧತಿ ನಾಗ್ ಇದ್ದಾರೆ. ಮುಂದೆ ದೊಡ್ಡ ನಿರ್ದೇಶಕರೆಂದು ನಾವೆಲ್ಲ ಓದುವ ಟಿ.ಎಸ್. ನಾಗಾಭರಣ ಇಲ್ಲಿ ಬಡ ರಾಮಣ್ಣ. ಇಷ್ಟು ಜನ ಹೆಸರಾಂತರ ನಡುವೆ ಧರ್ಮಾಧಿಕಾರಿಯಾಗಿ ಅನಂತ್ ನಾಗ್. ಸಾಮಾಜಿಕ ವಿಷಯದ ಚಿತ್ರವೆಂದು ಇದಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂತು.

ಯೋಚನೆ ಮಾಡಿ. ಆಗ ಅನಂತ್ ನಾಗ್ ಅವರಿಗೆ ಇನ್ನೂ 40 ತುಂಬಿರಲಿಲ್ಲ. ‘ಬಯಲು ದಾರಿ’, ‘ನಾ ನಿನ್ನ ಬಿಡಲಾರೆ’, ‘ಚಂದನದ ಗೊಂಬೆ’ಯಂಥ ಚಿತ್ರಗಳಿಂದ ಮನೆ ಮನೆಯಲ್ಲಿ ಮೆಚ್ಚುಗೆ ಪಡೆದ ನಾಯಕ ನಟ. ಅಂಥವರು ತಮ್ಮನ ಸಿನಿಮಾದಲ್ಲಿ ವಯಸ್ಸಿಗೆ ಬಂದ ಮಗನಿರುವ ಅಪ್ಪನಾಗಲು, ಜನ ದ್ವೇಷಿಸಬೇಕಾದ ಮನುಷ್ಯನಾಗಲು ಒಪ್ಪಿದರು. ಇಂದು ನಾವು ‘ಇಮೇಜ್’ ಎನ್ನುತ್ತೇವಲ್ಲ, ಅದನ್ನು ಅವರು ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಬಂದಂತೆ ನನಗೆ ಕಂಡಿತು.

ಇನ್ನು ನನ್ನ ಮನೆಯ ವಿಷಯ.

ನಮ್ಮದು ಯಾದಗಿರಿ ಜಿಲ್ಲೆಯ ಒಂದು ಹಳ್ಳಿ. ಎರಡು ಎಕರೆ ಒಣ ಬೇಸಾಯ. ಮಳೆ ಬಂದರೆ ತೊಗರಿ, ಬರದಿದ್ದರೆ ಗುಳೆ. ನಾನು ಚಿಕ್ಕವನಿದ್ದಾಗ ಅಪ್ಪ, ಅವ್ವ ವರ್ಷಕ್ಕೆ ಐದಾರು ತಿಂಗಳು ಬೆಂಗಳೂರಿನಲ್ಲಿರುತ್ತಿದ್ದರು. ಕಟ್ಟಡದ ಕೆಲಸ. ನಾನು ಅಜ್ಜಿಯ ಹತ್ತಿರ ಬೆಳೆದವನು. ಸಿನಿಮಾ ನೋಡಿದ ಮರುದಿನ ಅಪ್ಪನಿಗೆ ಫೋನ್ ಮಾಡಿದಾಗ, ‘ಯಪ್ಪಾ, ಬೆಂಗಳೂರಾಗ ನೀವು ಎಲ್ಲಿ ಮಲಗ್ತಿದ್ರಿ?’ ಎಂದು ಸುಮ್ಮನೆ ಕೇಳಿದೆ. ಈ ಪ್ರಶ್ನೆಯನ್ನು 24 ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

‘ಕೆಲಸ ಸಿಕ್ಕ ಮ್ಯಾಗ ಶೆಡ್ ಕೊಡ್ತಿದ್ರು. ಮೊದಲನೇ ಸಲ ಹೋದಾಗ ಎಂಟ್ ದಿನ ರೋಡಿನ ಬಾಜೂನೇ ಮಕ್ಕೊಂಡಿದ್ವಿ ತಮ್ಮಾ. ನಿಮ್ಮವ್ವ ನಡಕ, ನಾ ಗಾಡಿ ಬರೋ ಕಡಿ’ ಅಂದರು. ಅಷ್ಟು ಹೇಳಿ, ‘ಯಾಕ?’ ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ನನ್ನ ಅಪ್ಪ ಮಲಗಿದ್ದು ‘ಗಾಡಿ ಬರೋ ಕಡಿ’. ಸಿನಿಮಾದ ಫುಟ್‌ಪಾತ್ ಆ ಕ್ಷಣದಿಂದ ಸಿನಿಮಾ ಆಗಿ ಉಳಿಯಲಿಲ್ಲ.

ಆದರೆ ಕಥೆ ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ನಾನು ಓದುತ್ತಿರುವುದು ಪಿಎಸ್‌ಐ ಹುದ್ದೆಗೆ. ಆ ಹೊತ್ತಿಗೆ ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ಒಂದು ಮಾತು ನಡೆದಿತ್ತು. ಪರಿಚಯದ ಒಬ್ಬ ಮನುಷ್ಯ ಅಪ್ಪನಿಗೆ, ‘ಹುಡುಗ ಎಷ್ಟ್ ಓದಿದ್ರೂ ಅಷ್ಟೇ. ರೊಕ್ಕಾ ಹೊಂದಸ್ರಿ, ಮುಂದಿಂದು ನಾ ನೋಡ್ಕೊಂತೀನಿ’ ಎಂದಿದ್ದ. ಅವನು ಹೇಳಿದ ಮೊತ್ತಕ್ಕೆ ಎರಡೂ ಎಕರೆ ಮಾರಿ, ಮೇಲೆ ಸಾಲ ಮಾಡಬೇಕು. ಅಪ್ಪ ಹೊಲಕ್ಕೆ ಗಿರಾಕಿ ಹುಡುಕಲು ಶುರು ಮಾಡಿದ್ದರು. ನನಗೆ ಗೊತ್ತಿತ್ತು. ಸತ್ಯ ಹೇಳಬೇಕೆಂದರೆ, ನಾನು ಬೇಡ ಅಂದಿರಲಿಲ್ಲ. ಬೇಕು ಅಂತಲೂ ಅಂದಿರಲಿಲ್ಲ. ಸುಮ್ಮನಿದ್ದೆ. ಎರಡು ಸಲ ಕೆಲವೇ ಅಂಕಗಳಲ್ಲಿ ಆಯ್ಕೆ ಪಟ್ಟಿಯಿಂದ ಹೊರಗುಳಿದವನ ಸುಮ್ಮನಿರುವಿಕೆ ಎಂಥದೆಂದು ಈ ಪುಟ ಓದುವ ಅನೇಕರಿಗೆ ಗೊತ್ತಿರುತ್ತದೆ.

ಹೀಗಾಗಿ ಆ ರಾತ್ರಿ ನನ್ನನ್ನು ಕಾಡಿದ್ದು ರಾಮಣ್ಣ ಒಬ್ಬನೇ ಅಲ್ಲ, ಧರ್ಮಾಧಿಕಾರಿ ಕೂಡ. ಅವನೂ ಒಬ್ಬ ಅಪ್ಪ. ಮಗನಿಗಾಗಿ ಏನು ಬೇಕಾದರೂ ಮಾಡುವ ಅಪ್ಪ. ಅವನ ಕೈಯಲ್ಲಿ ಅಧಿಕಾರವಿತ್ತು, ಅದನ್ನು ಬಳಸಿದ. ನನ್ನ ಅಪ್ಪನ ಕೈಯಲ್ಲಿದ್ದದ್ದು ಎರಡು ಎಕರೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ತಪ್ಪು. ಒಬ್ಬ ಸಾವನ್ನು ಮುಚ್ಚಿಡಲು ಹೊರಟವನು, ಇನ್ನೊಬ್ಬರು ಬಡತನದಿಂದ ಮಗನನ್ನು ದಾಟಿಸಲು ಹೊರಟವರು. ಆದರೂ ದಾರಿ ಮಾತ್ರ ಎಲ್ಲೋ ಒಂದು ಕಡೆ ಕೂಡುತ್ತದೆ ಎನ್ನಿಸಿತು. ಹಣ ಕೊಟ್ಟು ಸಮವಸ್ತ್ರ ಹಾಕಿಕೊಂಡ ನಾನು ನಾಳೆ ಒಂದು ಠಾಣೆಯಲ್ಲಿ ಕೂತಿದ್ದೇನೆ ಅಂದುಕೊಳ್ಳಿ. ರಸ್ತೆ ಬದಿ ಮಲಗಿದ್ದವರ ಮೇಲೆ ಕಾರು ಹರಿದಿದೆ. ಯಾವುದೋ ಧರ್ಮಾಧಿಕಾರಿಯ ಫೋನು ಬರುತ್ತದೆ. ಸಾಲದ ಬಡ್ಡಿ ತಲೆಯ ಮೇಲಿರುವ ನಾನು ಆಗ ಯಾರ ಮಾತು ಕೇಳುತ್ತೇನೆ? ಉತ್ತರ ನನಗೆ ಗೊತ್ತಿತ್ತು. ಅದಕ್ಕೇ ನಿದ್ದೆ ಬರಲಿಲ್ಲ.

ಮುಂದಿನ ಒಂದು ತಿಂಗಳು, ಓದಿನ ನಡುವೆ ರಾತ್ರಿ ಸ್ವಲ್ಪ ಹೊತ್ತು ಬಿಡುವು ಮಾಡಿಕೊಂಡು ಅನಂತ್ ನಾಗ್ ಅವರ ಸಿನಿಮಾಗಳನ್ನು ನೋಡಿದೆ, ಅವರ ಬಗ್ಗೆ ಓದಿದೆ. ಒಂದು ಅಂಕದ ಉತ್ತರದ ಹಿಂದೆ 50 ವರ್ಷದ ದುಡಿಮೆ ಇತ್ತು.

1948ರಲ್ಲಿ ಹುಟ್ಟಿದ ಅವರ ಬಾಲ್ಯದ ಕೆಲವು ವರ್ಷಗಳು ಕಳೆದದ್ದು ಉತ್ತರ ಕನ್ನಡದ ಶಿರಾಲಿಯ ಚಿತ್ರಾಪುರ ಮಠದ ಪರಿಸರದಲ್ಲಿ. ಮುಂದೆ ಓದಲು ಮುಂಬೈಗೆ ಹೋದರು. ಸೇನೆ ಸೇರುವ ಆಸೆಯಿತ್ತು. ತೂಕ ಸಾಲದೆಂದು ಆಯ್ಕೆಯಾಗಲಿಲ್ಲವಂತೆ. ದೈಹಿಕ ಪರೀಕ್ಷೆಯ ಸಾಲಿನಲ್ಲಿ ನಿಂತು ಎದೆಯ ಸುತ್ತಳತೆ ಕೊಟ್ಟ ನನ್ನಂಥವರಿಗೆ ಆ ನಿರಾಸೆ ಅರ್ಥವಾಗುತ್ತದೆ. ಮುಂಬೈ ಅವರಿಗೆ ಬೇರೆ ದಾರಿ ತೋರಿಸಿತು. ಕೊಂಕಣಿ, ಕನ್ನಡ, ಮರಾಠಿ, ಹಿಂದಿ ನಾಟಕಗಳಲ್ಲಿ ಕೆಲವು ವರ್ಷ ದುಡಿದರು. ಸೇನೆ ಬೇಡವೆಂದ ಆ ಹುಡುಗ ‘ಮುಂಗಾರು ಮಳೆ’ಯಲ್ಲಿ ಕರ್ನಲ್ ಆಗಿ ಬಂದಾಗ ಅವರಿಗೆ 58 ವರ್ಷ!

1974ರಲ್ಲಿ ಶ್ಯಾಮ್ ಬೆನಗಲ್ ಅವರ ‘ಅಂಕುರ್’ ಬಂತು. ಶಬಾನಾ ಆಜ್ಮಿ ಅವರಿಗೂ ಅದೇ ಮೊದಲ ಹೆಸರು ತಂದ ಚಿತ್ರ. ಅದರಲ್ಲಿ ಅನಂತ್ ನಾಗ್ ಜಮೀನ್ದಾರನ ಮಗ ಸೂರ್ಯ. ಮನೆಗೆಲಸದ ಲಕ್ಷ್ಮಿಯನ್ನು ಬಳಸಿಕೊಂಡು ಕೈಬಿಡುವವನು. ತನ್ನ ತಪ್ಪಿನ ಭಯಕ್ಕೆ ಅವಳ ಮೂಕ ಗಂಡನನ್ನೇ ಹೊಡೆಯುವವನು. ಮರುವರ್ಷ ‘ನಿಶಾಂತ್’ನಲ್ಲೂ ದರ್ಪದ ಜಮೀನ್ದಾರರ ಮನೆಯ ತಮ್ಮಂದಿರಲ್ಲೊಬ್ಬ. ಈ ಚಿತ್ರಗಳನ್ನು ನೋಡಿದ ಮೇಲೆ ಧರ್ಮಾಧಿಕಾರಿ ನನಗೆ ಇನ್ನೊಂದು ರೀತಿ ಕಂಡ. 1974ರಲ್ಲಿ ತಪ್ಪು ಮಾಡಿಯೂ ದಕ್ಕಿಸಿಕೊಳ್ಳುವ ಮಗನಾಗಿದ್ದವರು, 1985ರಲ್ಲಿ ಅಂಥ ಮಗನನ್ನು ಕಾಯುವ ಅಪ್ಪನಾಗಿದ್ದರು. ಸೂರ್ಯ ದೊಡ್ಡವನಾಗಿ ಚುನಾವಣೆಗೆ ನಿಂತರೆ ಧರ್ಮಾಧಿಕಾರಿ ಆಗುತ್ತಾನೇನೋ.

ಅದೇ ನಟ ಈ ಎರಡರ ನಡುವೆ 1975ರಲ್ಲಿ ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಯಲ್ಲಿ ಸಂಗೀತಗಾರನಾಗಿದ್ದರು. 1982ರಲ್ಲಿ ಎಂ.ಎಸ್. ಸತ್ಯು ಅವರ ‘ಬರ’ದಲ್ಲಿ ಜಿಲ್ಲಾಧಿಕಾರಿಯಾಗಿದ್ದರು. ಯು.ಆರ್. ಅನಂತಮೂರ್ತಿ ಅವರ ಕಥೆ ಅದು. ಬರ ಬಿದ್ದ ಜಿಲ್ಲೆ, ಪ್ರಾಮಾಣಿಕ ಅಧಿಕಾರಿ, ಬರದಲ್ಲೂ ರಾಜಕೀಯದ ಫಸಲು ತೆಗೆಯುವವರು. ಕೆಎಎಸ್, ಐಎಎಸ್ ಎಂದು ಓದುವ ಗೆಳೆಯರಿಗೆಲ್ಲ ನಾನು ಈಗ ಮೊದಲು ಹೇಳುವ ಹೆಸರು ‘ಬರ’. ವ್ಯವಸ್ಥೆಯ ಒಳಗೆ ಹೋದರೆ ಎಲ್ಲ ಸರಿ ಮಾಡಿಬಿಡುತ್ತೇನೆ ಎಂಬ ನಮ್ಮ ಇಂಟರ್‌ವ್ಯೂ ಉತ್ತರ ಎಷ್ಟು ಸಲೀಸಿನದೆಂದು ಅದನ್ನು ನೋಡಿದರೆ ತಿಳಿಯುತ್ತದೆ. 1987ರ ‘ಅವಸ್ಥೆ’ಯೂ ಅನಂತಮೂರ್ತಿ ಅವರದೇ ಕಾದಂಬರಿ, ಅಲ್ಲಿ ಅವರು ಆದರ್ಶ ಹೊತ್ತು ರಾಜಕೀಯಕ್ಕೆ ಬಂದ ಕೃಷ್ಣಪ್ಪ. ಅಧಿಕಾರದ ಹತ್ತಿರ ಹೋದ ಮನುಷ್ಯನಿಗೆ ಏನೇನಾಗಬಹುದೋ ಅದನ್ನೆಲ್ಲ ಈ ಒಬ್ಬ ನಟನ ಮುಖದಲ್ಲೇ ನೋಡಬಹುದು.

ಧರ್ಮಾಧಿಕಾರಿಯಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಕ್ರೌರ್ಯವಲ್ಲ. ಅನಂತ್ ನಾಗ್ ಅವನನ್ನು ಕಣ್ಣು ಕೆಂಪಗೆ ಮಾಡುವ ಖಳನಾಯಕನಾಗಿ ಮಾಡಲಿಲ್ಲ. ನಾ ನಿನ್ನ ಬಿಡಲಾರೆ ಎಂದ ಅದೇ ಮೃದು ದನಿ, ಅದೇ ಚೆಲುವಾದ ಮುಖ. ತಾನು ಕೆಟ್ಟವನೆಂದು ಧರ್ಮಾಧಿಕಾರಿಗೆ ಅನ್ನಿಸುವುದೇ ಇಲ್ಲ. ನಮ್ಮ ಅಪ್ಪನಿಗೆ ಬಂದು ರೊಕ್ಕ ಹೊಂದಿಸಲು ಹೇಳಿದ ಮನುಷ್ಯನೂ ಹೀಗೇ. ನಮ್ಮ ಮನೆಯಲ್ಲಿ ಚಹಾ ಕುಡಿದು, ಅವ್ವನ ಮಂಡಿ ನೋವು ವಿಚಾರಿಸಿ, ಒಳ್ಳೆಯದಾಗಲೆಂದು ಹರಸಿ ಹೋದವನು.

ಅನಂತ್ ನಾಗ್ ನಿಜ ಜೀವನದಲ್ಲೂ ರಾಜಕೀಯಕ್ಕೆ ಬಂದರು. 1994ರಲ್ಲಿ ಮಲ್ಲೇಶ್ವರದಿಂದ ಗೆದ್ದು ಶಾಸಕರಾದರು, ಜೆ.ಎಚ್. ಪಟೇಲರ ಸರ್ಕಾರದಲ್ಲಿ ಬೆಂಗಳೂರು ನಗರಾಭಿವೃದ್ಧಿ ಸಚಿವರಾದರು. ಫುಟ್‌ಪಾತ್ ಮೇಲೆ ಸತ್ತವರ ಕಥೆಯಲ್ಲಿ ನಟಿಸಿದವರ ಕೈಗೆ ಕೆಲವೇ ವರ್ಷಗಳಲ್ಲಿ ಅದೇ ನಗರದ ಫುಟ್‌ಪಾತ್‌ಗಳ ಹೊಣೆ ಬಂದದ್ದು ನನಗೆ ವಿಚಿತ್ರವೆನಿಸಿತು. 2004ರಲ್ಲಿ ಚಾಮರಾಜಪೇಟೆಯಲ್ಲಿ ಎಸ್.ಎಂ. ಕೃಷ್ಣ ಅವರ ಎದುರು ನಿಂತು ಸೋತರು. ಸೋತವರು ಮುಗಿದುಹೋಗಲಿಲ್ಲ. 2016ರಲ್ಲಿ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಬಂದಾಗ ಅವರಿಗೆ 67 ವರ್ಷ. ಮರೆವಿನ ಕಾಯಿಲೆಯಿಂದ ಕಳೆದುಹೋದ ಅಪ್ಪನ ಪಾತ್ರ. ಅಪ್ಪನನ್ನು ಹುಡುಕುತ್ತಾ ಹೋದ ಮಗನಿಗೆ, ತನಗೆ ಅಪ್ಪ ಯಾರೆಂದೇ ಗೊತ್ತಿರಲಿಲ್ಲ ಎಂದು ತಿಳಿಯುತ್ತದೆ. ‘ಎಲ್ಲಿ ಮಲಗ್ತಿದ್ರಿ?’ ಎಂದು 24 ವರ್ಷಕ್ಕೆ ಕೇಳಿದ ಮಗ ನಾನು. ಆ ಸಿನಿಮಾ ನೋಡುವಾಗ ಕಣ್ಣು ಒರೆಸಿಕೊಂಡೆನೆಂದು ಹೇಳಲು ನಾಚಿಕೆಯಿಲ್ಲ.

ಅದೇ ನಿರ್ದೇಶಕ ಹೇಮಂತ್ ರಾವ್ ಅವರ ‘ಕವಲುದಾರಿ’ 2019ರಲ್ಲಿ ಬಂತು. ಮೆಟ್ರೊ ಕಾಮಗಾರಿಯ ನೆಲದಲ್ಲಿ ಸಿಕ್ಕ ಮೂಳೆಗಳ ಜಾಡು ಹಿಡಿದು ಹೊರಡುವ ಟ್ರಾಫಿಕ್ ಎಸ್‌ಐ ಆಗಿ ರಿಷಿ. ಅದೇ ಹಳೆಯ ಪ್ರಕರಣವನ್ನು ಹಿಂದೆ ತನಿಖೆ ಮಾಡಿ ಸೋತಿದ್ದ ನಿವೃತ್ತ ಪೊಲೀಸ್ ಅಧಿಕಾರಿ ಮುತ್ತಣ್ಣ ಆಗಿ ಅನಂತ್ ನಾಗ್. 34 ವರ್ಷಗಳ ಹಿಂದೆ ತನಿಖೆಯನ್ನು ತಡೆಯಲು ಹೊರಟಿದ್ದ ಅದೇ ನಟ ಈಗ ತನಿಖೆ ಮುಗಿಯಲಿಲ್ಲವೆಂದು ಕೊರಗುವವನಾಗಿದ್ದ. ನಾನು ಓದುತ್ತಿರುವ ಹುದ್ದೆಯ ಎರಡು ತುದಿ ಈ ಎರಡು ಸಿನಿಮಾಗಳಲ್ಲಿವೆ ಎನ್ನಿಸಿತು.

‘ಆಕ್ಸಿಡೆಂಟ್’ ಮಾಡಿದ ಶಂಕರ್ ನಾಗ್ ಮಾತ್ರ ಇದನ್ನೆಲ್ಲ ನೋಡಲು ಉಳಿಯಲಿಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ನಡೆದ ಕಾರು ಅಪಘಾತದಲ್ಲೇ ತೀರಿಕೊಂಡರು. ಆಗ ಅವರಿಗೆ 35 ವರ್ಷ. ಧಾರವಾಡದಿಂದ ಬೆಂಗಳೂರಿಗೆ ಪರೀಕ್ಷೆ ಬರೆಯಲು ಹೋಗುವ ರಾತ್ರಿ ಬಸ್ಸು ಆ ದಾರಿಯಲ್ಲೇ ಸಾಗುತ್ತದೆ. ಮೊದಲೆಲ್ಲ ನಿದ್ದೆಯಲ್ಲಿ ದಾಟುತ್ತಿದ್ದೆ. ಈಗ ದಾವಣಗೆರೆ ಬಿಟ್ಟ ಮೇಲೆ ಸ್ವಲ್ಪ ಹೊತ್ತು ಎಚ್ಚರವಿರುತ್ತೇನೆ.

ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ: ‘ಯಪ್ಪಾ, ಹೊಲ ಮಾರೋದು ಬ್ಯಾಡ. ಇನ್ನೊಂದ್ ಸಲ ಬರೀತೀನಿ. ಆಗಲಿಲ್ಲ ಅಂದ್ರ ಬ್ಯಾರೆ ನೌಕರಿ ನೋಡ್ತೀನಿ.’ ಅಪ್ಪ ಒಪ್ಪಲಿಲ್ಲ. ‘ಎಲ್ಲಾರೂ ಕೊಡ್ತಾರ. ನಾವ್ ಕೊಡದಿದ್ರ ಜಗತ್ ಸುಧಾರಸ್ತದೇನು?’ ಎಂದರು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಜಗಳವಾಯಿತು. ಅವ್ವ ಅತ್ತಳು. ಎರಡು ದಿನ ಮನೆಯಲ್ಲಿ ಮಾತಿಲ್ಲ.

ಮೂರನೇ ದಿನ ರಾತ್ರಿ ಅಪ್ಪ ತಾವೇ, ‘ಅದ್ಯಾವ್ದೋ ಪಿಕ್ಚರ್ ಅಂದಿದ್ದೆಲ್ಲ, ಹಚ್ಚು’ ಎಂದರು. ನನ್ನ ಮೊಬೈಲನ್ನು ತಂಬಿಗೆಗೆ ಒರಗಿಸಿಟ್ಟು ಮೂವರೂ ‘ಆಕ್ಸಿಡೆಂಟ್’ ನೋಡಿದೆವು. ಕಾರು ಹರಿಯುವಾಗ ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಅಪ್ಪ ಅಲುಗಾಡಲಿಲ್ಲ. ಸಿನಿಮಾ ಮುಗಿದ ಮೇಲೆ ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದರು. ಒಳಗೆ ಬಂದು ಒಂದೇ ಮಾತು ಕೇಳಿದರು: ‘ಆ ಇನ್‌ಸ್ಪೆಕ್ಟರ್ ರೊಕ್ಕಾ ಕೊಟ್ಟು ಸೇರಿದ್ದಿಲ್ಲಂತ ಕಾಣಸ್ತದ, ಹೌದಿಲ್ಲೋ?’

ಸಿನಿಮಾದಲ್ಲಿ ಅದರ ಮಾತೇ ಇಲ್ಲ. ಆದರೂ ನಾನು ‘ಹೌದು’ ಎಂದೆ.

ಹೊಲಕ್ಕೆ ಗಿರಾಕಿ ಹುಡುಕುವುದು ನಿಂತಿದೆ. ಅಪ್ಪನ ಮನಸ್ಸು ಪೂರ್ತಿ ತಿರುಗಿದೆ ಎಂದು ಹೇಳಲಾರೆ. ಫಲಿತಾಂಶ ಮತ್ತೆ ಕೈಕೊಟ್ಟರೆ ಆ ಮಾತು ಮತ್ತೆ ಬರಬಹುದು. ನನಗೂ ಧೈರ್ಯ ಎಲ್ಲ ದಿನವೂ ಒಂದೇ ಸಮ ಇರುವುದಿಲ್ಲ. ಅಂಥ ದಿನ ಮಾಕ್ ಟೆಸ್ಟ್ ಮುಗಿಸಿ ಬಂದು ಊರಿಗೆ ಫೋನ್ ಮಾಡುತ್ತೇನೆ. ತೊಗರಿ ಹೂವಿಗೆ ಬಂದಿದೆ ಎಂದು ಅಪ್ಪ ಹೇಳುತ್ತಾರೆ. ಅಷ್ಟು ಕೇಳಿ ಮತ್ತೆ ಪುಸ್ತಕ ತೆರೆಯುತ್ತೇನೆ.